ಆಟದಾಗಿನ ಬಡಿದಾಟ ನೋಡಿ ಕನ್ಯಾ ಕೊಡ್ರಿ

ಕತ್ತಿ ಹಿಡಿದು ಭೂತ-ರಾಕ್ಷಸರನ್ನು ಬಡಿಯುವ ಕಂಪ್ಯೂಟರ್ ಆಟಗಳಿವೆಯಲ್ಲ, ಅದರಲ್ಲಿ ಒಬ್ಬ ಮನುಷ್ಯ ಹೇಗೆ ಬಡಿದಾಡುತ್ತಾನೆ ನೋಡಿದರೆ ಸಾಕು, ಅವನು ಸಂಸಾರ ಹೇಗೆ ಮಾಡುತ್ತಾನೆ ಅಂತ ಹೇಳಿಬಿಡಬಹುದು. ಈ ಮಾತನ್ನು ನನಗೆ ಮೊದಲು ಹೇಳಿದವನು ನನ್ನ ತಮ್ಮ. ಹೇಳಿದಾಗ ಅವನಿಗೆ ಹದಿನೇಳು ವರ್ಷ, ಸಂಸಾರದ ಅನುಭವ ಸೊನ್ನೆ. ಮೂವತ್ತೊಂಬತ್ತಾದರೂ ಆ ಅನುಭವ ಅಷ್ಟೇ ಉಳಿದದ್ದು ನಮ್ಮ ಅವ್ವನ ಚಿಂತೆ.

ನಾನು ಅವನಿಗಿಂತ ಐದು ವರ್ಷ ದೊಡ್ಡವಳು. ತವರು ಜಮಖಂಡಿ, ಕೊಟ್ಟ ಮನೆ ಮುಧೋಳ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಕೆಲಸ. ಎರಡೂ ಮನೆಗಳಲ್ಲಿ ಈ ಆಟದ ಗುಂಗು ಒಬ್ಬರಿಗಲ್ಲ ಒಬ್ಬರಿಗೆ ಹತ್ತಿಕೊಂಡೇ ಇರುವುದರಿಂದ ನಗೆಗೇಡಿನ ಸಂಗತಿಗಳಿಗೆ ನಮ್ಮಲ್ಲಿ ಎಂದೂ ಬರ ಬಂದಿಲ್ಲ.

ಆಡದವರಿಗಾಗಿ ಒಂದು ಮಾತು. ಈ ಆಟಗಳ ಕಥೆ ಎಲ್ಲ ಒಂದೇ. ಒಬ್ಬ ವೀರ ಇರುತ್ತಾನೆ. ಶುರುವಿಗೆ ಅವನ ಹತ್ತಿರ ಒಂದು ಹರಕು ಅಂಗಿ, ಒಂದು ತುಕ್ಕು ಹಿಡಿದ ಕತ್ತಿ. ಸಣ್ಣ ಸಣ್ಣ ಭೂತಗಳನ್ನು ಹೊಡೆದು ಬಲ ಗಳಿಸುತ್ತ, ಒಳ್ಳೆಯ ಕತ್ತಿ ಸಂಪಾದಿಸುತ್ತ, ಕೊನೆಗೆ ಒಂದು ದೊಡ್ಡ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅದರ ಹಿಂದೆ ದೊಡ್ಡ ರಾಕ್ಷಸ. ಕಥೆ ಇಷ್ಟೇ. ಬಡಿದಾಟದ ರೀತಿ ಮಾತ್ರ ಒಂದೊಂದರಲ್ಲಿ ಒಂದೊಂದು ತೆರ.

ಈ ವರ್ಷ ಅವ್ವ ತಮ್ಮನಿಗೆ ಕಡಾಖಂಡಿತವಾಗಿ ಹೇಳಿಬಿಟ್ಟಳು. "ಬನಹಟ್ಟಿ ಕನ್ಯಾ ಕಡೀದು. ಇದೂ ತಪ್ಪಿತಂದ್ರ ನಾ ಇನ್ನ ಯಾರ ಮನಿ ಹೊಸ್ತಲಾನೂ ತುಳ್ಯಾಂಗಿಲ್ಲ. ಆಮ್ಯಾಲ ನೀ ಆತು, ನಿನ್ನ ಕಂಪ್ಯೂಟರ್ ಆತು."

ತಮ್ಮ ಬನಹಟ್ಟಿಗೆ ಹೊರಟ ಗಾಡಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಕಬ್ಬಿನ ಹೊಲಗಳು ಹಿಂದೆ ಸರಿಯುತ್ತಿದ್ದವು. ನನಗೂ ಹಿಂದಿನವೇ ಒಂದೊಂದಾಗಿ ನೆನಪಾದವು.

೧. ಬಟ್ಟೆ ಒಗೆಯುವ ರೀತಿ

ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದಾಗ ನಾನು ಬಿ.ಎ. ಮುಗಿಸಿ, ನನ್ನನ್ನು ನೋಡಲು ಬಂದವರಿಗೆಲ್ಲ ಉಪ್ಪಿಟ್ಟು ಕೊಡುವ ಕೆಲಸದಲ್ಲಿದ್ದೆ. ತಮ್ಮ ಪಿಯುಸಿ ಎರಡನೇ ವರ್ಷ. ಬೆಳಗಾವಿಯಿಂದ ಬಂದ ಹಳೇ ಕಂಪ್ಯೂಟರ್ ಅದು. ಅವ್ವ ತನ್ನ ಹಳೇ ಸೀರೆ ಕತ್ತರಿಸಿ ಅದಕ್ಕೊಂದು ಗವಸು ಹೊಲಿದಿದ್ದಳು. ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಪ್ರತಿ ಶುಕ್ರವಾರ ಪರದೆಯ ಮೇಲ್ಗಡೆ ಕುಂಕುಮ.

ಅದರಲ್ಲಿ ಒಂದೇ ಆಟವಿತ್ತು. ಮಾಳಿಗೆಯ ಮೇಲೆ ನಿಂತು ಕೆಳಗೆ ಓಣಿ ನೋಡಿದ ಹಾಗೆ, ವೀರ ಸಣ್ಣಗೆ ಕಾಣುತ್ತಿದ್ದ. ಗವಿಯೊಳಗೆ ಭೂತಗಳು ಮೇಲೆ ಬೀಳುತ್ತಿದ್ದವು. ಮೌಸನ್ನು ಭೂತದ ಮೇಲಿಟ್ಟು ಒತ್ತಬೇಕು, ಮತ್ತೆ ಒತ್ತಬೇಕು, ಸಾಯುವ ತನಕ ಒತ್ತಬೇಕು. ಡಾವಪೇಚು, ಪಟ್ಟು ಏನೂ ಇಲ್ಲ. ಹೊಳೆಯ ಬಂಡೆಗೆ ಬಟ್ಟೆ ಬಡಿದಂತೆ. ಇರುವುದು ಒಂದೇ ಮೌಸು, ಅದು ತಮ್ಮನ ಕೈಯಲ್ಲಿ. ಎಡಗಡೆ ಕೂತು ಕೀಲಿಮಣೆಯ ಒಂದು, ಎರಡು, ಮೂರು ಒತ್ತಿ ವೀರನಿಗೆ ಔಷಧದ ಬಾಟಲಿ ಕುಡಿಸುವುದು ನನ್ನ ಪಾಲಿಗೆ.

"ಅಕ್ಕಾ, ಔಷಧ."

"ಈಗರ ಕೊಟ್ಟೇನಲ್ಲೋ."

"ಮತ್ತ ಕೊಡ, ಸಾಯಾಕತ್ತಾನ."

ಅಡಿಗೆಮನೆಯಿಂದ ಅವ್ವ ಒಂದು ಲೋಟ ಶುಂಠಿ ಕಷಾಯ ಹಿಡಿದು ಬಂದಳು. "ಯಾರಿಗಿ ಆರಾಮಿಲ್ಲ? ಆಗಿನಿಂದ ಔಷಧ ಔಷಧ ಅನ್ನಾಕತ್ತೀರಿ."

ತಮ್ಮ ಪರದೆಯ ಮೇಲಿನ ವೀರನನ್ನು ತೋರಿಸಿದ. "ಇವಗ, ಅವ್ವಾ."

ಅವ್ವ ಬಗ್ಗಿ ನೋಡಿದಳು. ವೀರ ಇನ್ನೊಂದು ಬಾಟಲಿ ಕುಡಿದ, ಇನ್ನೊಂದು ಏಟು ತಿಂದ. "ಇಷ್ಟ ಕುಡದೂ ಆರಾಮ ಆಗವಲ್ದಂದ್ರ ಡಾಕ್ಟರ್ನ ಬದಲ ಮಾಡ್ರಿ," ಅಂದು ಕಷಾಯವನ್ನು ಸುಮ್ಮನೆ ಯಾಕೆ ಚೆಲ್ಲಬೇಕೆಂದು ನನಗೇ ಕುಡಿಸಿ ಹೋದಳು.

ತಿಂಗಳುಗಟ್ಟಲೆ ಬಡಿದು ನಾವು ಕೊನೆಯ ಬಾಗಿಲಿಗೆ ಬಂದೆವು. ಒಳಗೆ ದೊಡ್ಡ ರಾಕ್ಷಸ ಇದ್ದಾನೆ. ನಾನು ಬೆರಳು ಸಜ್ಜು ಮಾಡಿಕೊಂಡು ಕೂತೆ. ತಮ್ಮ ಬಾಗಿಲ ಮುಂದೆ ವೀರನನ್ನು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ತಿರುಗಾಡಿಸಿದ. ಆಮೇಲೆ ಆಟ ನಿಲ್ಲಿಸಿ ಹೊಸ ವೀರನನ್ನು ಶುರು ಮಾಡಿದ, ಈ ಸಲ ಬಿಲ್ಲು ಹಿಡಿಯುವವನು. ಮತ್ತೆ ಹರಕು ಅಂಗಿಯಿಂದ.

"ಯಾಕಲೇ, ಬಾಗಲದ ತನಕಾ ಬಂದಿದ್ದಿವಲ್ಲ?"

"ಇನ್ನೊಂದೀಟ ತಯಾರಿ ಆಗಲಿ ತಡಿ ಅಕ್ಕಾ."

ಬಿಲ್ಲಿನವನೂ ಬಾಗಿಲ ತನಕ ಬಂದ. ಆಮೇಲೆ ಮಂತ್ರವಾದಿ ಬಂದ. ನನ್ನ ಮದುವೆಯಾಗಿ ನಾನು ಮುಧೋಳಕ್ಕೆ ಹೊರಡುವ ತನಕ ಆ ಬಾಗಿಲನ್ನು ಯಾರೂ ತೆಗೆಯಲಿಲ್ಲ. ಆ ವರ್ಷ ಪಿಯುಸಿ ಪರೀಕ್ಷೆಯ ಹಾಲ್ ಟಿಕೆಟ್ ಬಂದಾಗಲೂ ಅವ್ವನಿಗೆ ಅವನು ಅದೇ ತಯಾರಿಯ ಮಾತು ಹೇಳಿದ.

೨. ಢಾಲು ಹಿಡಿಯುವ ರೀತಿ

ಮೊದಲ ದೀಪಾವಳಿಗೆ ಅಳಿಯನಿಗೆ ಉಂಗುರ ಕೊಡುವುದು ನಮ್ಮಲ್ಲಿ ರೂಢಿ. ತಮ್ಮ ಹಟ ಮಾಡಿ ಉಂಗುರವನ್ನು ಸಣ್ಣದು ಮಾಡಿಸಿದ, ಜೊತೆಗೆ ಟಿವಿಗೆ ಹಚ್ಚಿ ಆಡುವ ಆಟದ ಡಬ್ಬಿಯೊಂದನ್ನು ಕೊಡಿಸಿದ. "ಭಾವ ಹೆಂಗ ಆಡತಾರ ನೋಡ ಅಕ್ಕಾ. ನಿನಗ ಮುಂದಿಂದೆಲ್ಲಾ ಗೊತ್ತಾಗತೈತಿ."

ಈ ಆಟದಲ್ಲಿ ವೀರನ ಬೆನ್ನ ಹಿಂದೆಯೇ ನಿಂತು ನೋಡಿದ ಹಾಗಿರುತ್ತದೆ. ಬಟ್ಟೆ ಒಗೆದಂತೆ ಬಡಿದರೆ ನಡೆಯುವುದಿಲ್ಲ. ಎದುರಿನವನ ಕತ್ತಿ ಬಂದಾಗ ಢಾಲು, ಅಂದರೆ ಗುರಾಣಿ, ಎತ್ತಬೇಕು, ಅವನು ದಣಿದ ಗಳಿಗೆ ನೋಡಿ ಹೊಡೆಯಬೇಕು. ನಮ್ಮನೆಯವರು ಢಾಲು ಎತ್ತಿದರು. ಎತ್ತಿದ್ದನ್ನು ಇಳಿಸಲಿಲ್ಲ. ಒಂದು ಮೂಲೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಢಾಲು ಮುಂದಿಟ್ಟುಕೊಂಡು ನಿಂತರು. ರಾಕ್ಷಸ ಬಡಿದ, ಬಡಿದ, ಬೇಜಾರಾಗಿ ಬೇರೆ ಕಡೆ ಹೋದ.

"ಅವ ದಣಿದಿದ್ನಲ್ರಿ, ಯಾಕ ಹೊಡೀಲಿಲ್ಲ?"

"ಹೋದ್ನಿಲ್ಲ? ಮತ್ಯಾಕ ಹೊಡಿಬೇಕು?"

ಮುಂದಿನದು ನನಗೆ ನಿಜವಾಗಿಯೂ ಗೊತ್ತಾಯಿತು. ಅತ್ತೆಯವರಿಗೂ ನನಗೂ ಬೇಳೆಯ ಒಗ್ಗರಣೆಗೆ ಬಳ್ಳೊಳ್ಳಿ ಹಾಕಬೇಕೋ ಬೇಡವೋ ಎಂದು ಮಾತು ಹತ್ತಿದರೆ, ಇವರು ಖುರ್ಚಿಯಲ್ಲಿ ಹಿಂದೆ ಸರಿದು ಪೇಪರನ್ನು ಎದೆಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದರು. ಅದೇ ಕೋನ, ಅದೇ ಎತ್ತರ. ಬಲಗಡೆಯಿಂದ ಅತ್ತೆಯವರು ಕೇಳಿದರೆ ಪೇಪರು ಬಲಕ್ಕೆ, ಎಡಗಡೆಯಿಂದ ನಾನು ಕೇಳಿದರೆ ಎಡಕ್ಕೆ. ಒಂದು ಸೋಮವಾರ, ಹಿಂದಿನ ದಿನ ಹಬ್ಬವಾಗಿ ಪೇಪರಿಗೆ ರಜೆ. ಮಾತು ಹತ್ತಿತು. ನಮ್ಮನೆಯವರು ಎದ್ದರು. ಇವತ್ತಾದರೂ ನ್ಯಾಯ ಹೇಳುತ್ತಾರೆ ಎಂದು ಇಬ್ಬರೂ ಸುಮ್ಮನಾದೆವು. ಅವರು ಗೋಡೆಯ ಮೊಳೆಯಿಂದ ಕ್ಯಾಲೆಂಡರ್ ತೆಗೆದುಕೊಂಡು ಬಂದು ಹಿಡಿದು ಕೂತರು.

೩. ಇರಲಿ ಎನ್ನುವ ರೀತಿ

ಮದುವೆಯಾದ ಮೇಲೆ ಆಟದ ಹಿಡಿಕೆ, ಗುಂಡಿ ಎಲ್ಲ ನನ್ನ ಕೈಗೇ ಬಂದವು. ಆಗ ಗೊತ್ತಾದದ್ದು: ತಮ್ಮನಿಗೆ ಸುರಿಯುತ್ತಿದ್ದ ಔಷಧವನ್ನು ನಾನು ನನಗೇ ಖರ್ಚು ಮಾಡಿಕೊಳ್ಳಲಾರೆ. ದಾರಿಯಲ್ಲಿ ಸಿಕ್ಕ ಬಾಟಲಿಗಳನ್ನೆಲ್ಲ ಚೀಲಕ್ಕೆ ಹಾಕುತ್ತ ಹೋಗುತ್ತಿದ್ದೆ. ಜೀವ ಅರ್ಧವಾದರೂ "ಇರಲಿ, ಮುಂದೆ ಬೇಕಾಗುತ್ತದೆ". ಕಾಲು ಭಾಗವಾದರೂ "ಇರಲಿ". ಒಂದು ಮಧ್ಯಾಹ್ನ ಸಾಧಾರಣ ತೋಳವೊಂದರ ಕೈಯಲ್ಲಿ ಸತ್ತೆ, ಚೀಲದ ತುಂಬ ಬಾಟಲಿ ಇಟ್ಟುಕೊಂಡು.

ಪಕ್ಕದಲ್ಲಿ ಶೇಂಗಾ ಸುಲಿಯುತ್ತ ನೋಡುತ್ತಿದ್ದ ಅತ್ತೆಯವರ ಬಗ್ಗೆ ಸ್ವಲ್ಪ ಹೇಳಬೇಕು. ಅವರ ಟ್ರಂಕಿನಲ್ಲಿ ಪ್ಲಾಸ್ಟಿಕ್ ಬಿಚ್ಚದ ಸ್ಟೀಲು ತಾಟುಗಳಿದ್ದವು. ಬೀಗರು ಬಂದರೆ ಬೇಕು ಅಂತ ಇಟ್ಟದ್ದು. ಬೀಗರು ಬಂದಾಗ, ಇದಕ್ಕಿಂತ ದೊಡ್ಡ ಬೀಗರು ಬಂದರೆ ಬೇಕು ಅಂತ ಮತ್ತೆ ಒಳಗೆ ಇಟ್ಟದ್ದು. ನಾನು ಸತ್ತದ್ದನ್ನೂ ಚೀಲ ತುಂಬಿದ್ದನ್ನೂ ಅವರು ಕನ್ನಡಕ ಏರಿಸಿಕೊಂಡು ನೋಡಿದರು.

"ಎಲ್ಲಾ ಉಳಿಸಿಯೇನ?"

"ಹೂಂ ರೀ. ಒಂದೂ ಕುಡೀಲಿಲ್ಲ. ಅದಕ್ಕ ಸತ್ತೆ."

"ಸತ್ತರ ಸಾಯಲಿ ಬಿಡವಾ. ಸಾಮಾನು ಉಳೀತಲ್ಲ."

ಮದುವೆಯಾಗಿ ಮೂರು ವರ್ಷಕ್ಕೆ ಅತ್ತೆಯವರ ಬಾಯಿಂದ ನನಗೆ ಸಿಕ್ಕ ಮೊದಲ ಶಹಬ್ಬಾಸ್ ಅದು.

ಇನ್ನೊಂದು ತರದ ಆಟವನ್ನೂ ಅವರಿಗೆ ತೋರಿಸಿದ್ದೆ. ಅದರಲ್ಲಿ ಸರದಿ ಪ್ರಕಾರ ಬಡಿದಾಟ. ವೀರ ಒಂದು ಏಟು ಕೊಟ್ಟು ತನ್ನ ಜಾಗಕ್ಕೆ ಬಂದು ನಿಲ್ಲುತ್ತಾನೆ, ಆಮೇಲೆ ರಾಕ್ಷಸನ ಪಾಳಿ. ಅವನೂ ಒಂದು ಏಟು ಕೊಟ್ಟು ಹಿಂದೆ ಹೋಗಿ ನಿಲ್ಲುತ್ತಾನೆ. ಅತ್ತೆಯವರು ಬಹಳ ಹೊತ್ತು ನೋಡಿದರು. ನಮ್ಮ ಓಣಿಯ ನಳದ ಮುಂದೆ ನಲವತ್ತು ವರ್ಷ ಕೊಡ ಹಿಡಿದು ನಿಂತ ಹೆಂಗಸು ಅವರು. "ಇದೇನ ಜಗಳವಾ?" ಅಂದರು ಕೊನೆಗೆ. "ನಡುವ ಬಾಯಿ ಹಾಕಾಕ ಒಬ್ಬರೂ ಇಲ್ಲ."

೪. ಉರುಳುವ ರೀತಿ

ಬೀಳಗಿಯಲ್ಲಿರುವ ನಮ್ಮ ಸೋದರಮಾವ ಹಳೇ ಪೈಲವಾನ. ಮೊಣಕಾಲು ತೋರಿಸಿಕೊಳ್ಳಲು ಜಮಖಂಡಿಗೆ ಬಂದವರು ಒಂದು ವಾರ ತಮ್ಮನ ಹತ್ತಿರ ಉಳಿದರು. ನಾನೂ ಅವರನ್ನು ನೋಡಲು ಹೋಗಿದ್ದೆ. ತಮ್ಮ ಆಗ ಆಡುತ್ತಿದ್ದದ್ದು ಈಗಿನ ಕಾಲದ ಆಟ. ಇದರಲ್ಲಿ ರಾಕ್ಷಸನ ಒಂದು ಏಟು ಬಿದ್ದರೆ ಅರ್ಧ ಜೀವ ಹೋಗುತ್ತದೆ. ಆದ್ದರಿಂದ ಏಟು ಬರುವ ಹೊತ್ತಿಗೆ ವೀರ ನೆಲಕ್ಕೆ ಬಿದ್ದು ಉರುಳಿ ತಪ್ಪಿಸಿಕೊಳ್ಳಬೇಕು. ಉರುಳಬೇಕು, ಏಳಬೇಕು, ಒಂದು ಏಟು ಕೊಡಬೇಕು, ಮತ್ತೆ ಉರುಳಬೇಕು.

ಮಾಮಾ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ನೋಡಿದರು. "ಇವ ಯಾಕಲೇ ಉರಳತಾನ? ಹರಕಿ ಏನರ ಹೊತ್ತಾನೇನು?"

"ಇಲ್ಲ ಮಾಮಾ, ಏಟ ತಪ್ಪಸ್ಕೊಳ್ಳಾಕ."

"ಹಂಗಾರ ಗುಡೀ ಸುತ್ತಾನರ ಉರುಳು ಅನ್ನು. ಪುಣ್ಯಾನೂ ಬರತೈತಿ."

ಹೀಗೆ ಶುರುವಾದ ಮಾತು ಮಾಮಾನ ಕೈಗೇ ಆಟ ಬರುವಲ್ಲಿಗೆ ಮುಟ್ಟಿತು. ತಮ್ಮ ಕಲಿಸಿಕೊಟ್ಟ. ರಾಕ್ಷಸ ಬೆನ್ನು ತಿರುಗಿಸಿ ನಿಂತಿದ್ದಾನೆ, ಹಿಂದಿನಿಂದ ಮೆಲ್ಲಗೆ ಹೋಗಿ ಚುಚ್ಚಿದರೆ ಒಂದೇ ಏಟಿಗೆ ಅರ್ಧ ಕೆಲಸ ಮುಗಿಯುತ್ತದೆ.

ಮಾಮಾ ತಮ್ಮನ ಮುಖ ನೋಡಿದರು. "ಬೆನ್ನ ಹಾಕಿ ನಿಂತವಗ ಹೊಡೀ ಅಂತಿ? ನಿಮ್ಮವ್ವ ನಿನಗ ಹಿಂಗ ಬೆಳೆಸ್ಯಾಳೇನು?"

ಅವರು ವೀರನನ್ನು ರಾಕ್ಷಸನ ಸುತ್ತ ನಡೆಸಿಕೊಂಡು ಹೋಗಿ ಎದುರಿಗೆ ನಿಲ್ಲಿಸಿದರು. "ಸಲಾಮಿ ಯಾವ ಗುಂಡಿ?" ಕೇಳಿದರು. ಕಣಕ್ಕೆ ಇಳಿದವನು ಎದುರಾಳಿಗೆ ಸಲಾಮಿ ಕೊಡದೆ ಕೈ ಹಚ್ಚುವುದು ಅವರ ಜನ್ಮದಲ್ಲಿ ಇಲ್ಲ. ಆಶ್ಚರ್ಯವೆಂದರೆ ಆ ಆಟದಲ್ಲಿ ಬಗ್ಗಿ ನಮಸ್ಕಾರ ಮಾಡುವ ಗುಂಡಿಯೂ ಇತ್ತು. ತಮ್ಮ ತೋರಿಸಿದ. ವೀರ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ. ರಾಕ್ಷಸ ಗದೆ ಎತ್ತಿ ಅವನನ್ನು ಅಪ್ಪಚ್ಚಿ ಮಾಡಿದ.

ಮಾಮಾ ಮತ್ತೆ ಹೋದರು. ಮತ್ತೆ ಎದುರಿಗೆ ನಿಂತರು, ಮತ್ತೆ ಸಲಾಮಿ, ಮತ್ತೆ ಗದೆ. ಸಂಜೆಯ ಚಹಾ ಬರುವ ತನಕ ಇದೇ ನಡೆಯಿತು. "ಮಾಮಾ, ಸಲಾಮಿ ಬಿಟ್ಟ ಹೊಡೀರಿ, ಗೆಲ್ಲತೀರಿ," ಅಂತ ತಮ್ಮ ಕೈ ಮುಗಿದ.

ಮಾಮಾ ಆಟದ ಹಿಡಿಕೆ ಕೆಳಗಿಟ್ಟು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡರು. "ಹುಡುಗ ಗಟ್ಟಿ ಅದಾನ," ಅಂದರು ರಾಕ್ಷಸನನ್ನು ಕುರಿತು. "ಆದರ ಅವನ ಉಸ್ತಾದ ಬರೇ ಡಾವ ಕಲಿಸ್ಯಾನ, ಮಂದಿ ಕೂಡ ಹೆಂಗಿರಬೇಕು ಕಲಿಸಿಲ್ಲ. ಊರ ಹೆಸರ ಹಾಳ ಮಾಡತಾನ."

೫. ಸಣ್ಣಪುಟ್ಟ ಕೆಲಸಗಳು

ಈ ಆಟಗಳಲ್ಲಿ ದೊಡ್ಡ ರಾಕ್ಷಸನ ಹೊರತಾಗಿ ಸಣ್ಣಪುಟ್ಟ ಕೆಲಸಗಳೂ ಇರುತ್ತವೆ. ಊರ ಮುದುಕಿಯ ಕುರಿ ಕಳೆದಿದೆ, ಹುಡುಕಿಕೊಡು. ಬಡಿಗನ ಉಳಿ ಬಾವಿಗೆ ಬಿದ್ದಿದೆ, ತಂದುಕೊಡು. ಮಾಡಿದರೂ ಸರಿ, ಬಿಟ್ಟರೂ ಸರಿ. ನನ್ನ ತಮ್ಮ ಒಂದನ್ನೂ ಬಿಡುವವನಲ್ಲ. ಲೋಕ ಮುಳುಗುತ್ತಿರುತ್ತದೆ, ರಾಕ್ಷಸ ಬಾಗಿಲ ಹಿಂದೆ ಕಾಯುತ್ತಿರುತ್ತಾನೆ, ಇವನು ಕುರಿ ಹುಡುಕುತ್ತಿರುತ್ತಾನೆ.

ಕನ್ಯಾ ನೋಡಲು ಹೋದಾಗಲೂ ಇದೇ ಹಾಡು. ಮಹಾಲಿಂಗಪುರದ ಒಂದು ಮನೆಗೆ ಹೋದೆವು, ನಾನು, ಅವ್ವ, ಅವನು. ಬೆಲ್ಲದ ವ್ಯಾಪಾರದ ದೊಡ್ಡ ಮನೆತನ. ಹುಡುಗಿ ಚೊಕ್ಕ ಇದ್ದಳು, ಮಾತೂ ಛಲೋ. ಮಾತಿನ ನಡುವೆ ಹುಡುಗಿಯ ತಂದೆ, "ನಮ್ಮ ಟಿವಿ ಯಾಕೋ ಎರಡ ದಿನದಿಂದ ಹತ್ತವಲ್ತು," ಅಂದರು. ಅಂದದ್ದು ಸುಮ್ಮನೆ. ನಾನು ತಮ್ಮನ ತೊಡೆ ಚಿವುಟಿದೆ. ಅಷ್ಟರಲ್ಲಿ ಅವನು ಎದ್ದಾಗಿತ್ತು. ಜಮಖಂಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಕಿಸೆಯಲ್ಲಿ ಸ್ಕ್ರೂ ಡ್ರೈವರ್ ಇಲ್ಲದೆ ಹೊರಗೆ ಬೀಳುವುದಿಲ್ಲ.

ಮಾಳಿಗೆ ಹತ್ತಿ ಡಿಶ್ ಆಂಟೆನಾದ ತಟ್ಟೆ ತಿರುಗಿಸಿದ. ಇಳಿದು ಬಂದು ಟಿವಿಯ ಹಿಂದೆ ತಲೆ ಹಾಕಿದ. ಹುಡುಗಿ ಚುರುಮುರಿ ತಂದಾಗ ಕಂಡದ್ದು ಅವನ ಬೆನ್ನು. ಚಹಾ ತಂದಾಗ ಕಂಡದ್ದೂ ಬೆನ್ನೇ. ಟಿವಿ ಹತ್ತಿತು. ಆಮೇಲೆ ಹುಡುಗಿಯ ಅಣ್ಣನ ಪ್ರಿಂಟರು, ಅಜ್ಜನ ರೇಡಿಯೊ. ಕತ್ತಲಾಗುವ ಮೊದಲು ಊರು ಸೇರಬೇಕೆಂದು ಅವ್ವ ಎದ್ದಳು.

ಬಸ್ ಸ್ಟ್ಯಾಂಡಿನಲ್ಲಿ ಕೇಳಿದಳು, "ಕನ್ಯಾ ಹೆಂಗ ಅನಸ್ತು?"

"ಕನ್ಯಾ? ನಾ ಸರಿ ನೋಡಲಿಲ್ಲವಾ," ಅಂದ ಅವನು. "ಇನ್ನೊಂದೀಟ ತಯಾರಿ ಮಾಡ್ಕೊಂಡ ಮತ್ತೊಮ್ಮೆ ಬರೂಣು."

ಮತ್ತೊಮ್ಮೆ ಹೋದ. ಹುಡುಗಿಯ ಮದುವೆ ಬೇರೆ ಕಡೆ ಗೊತ್ತಾಗಿತ್ತು. ಹಂದರದ ಮೈಕು ಕೈ ಕೊಟ್ಟಿದೆಯೆಂದು ಅವಳ ತಂದೆ ಫೋನು ಮಾಡಿ ಕರೆಸಿದ್ದರು.

೬. ಬನಹಟ್ಟಿ

ಬನಹಟ್ಟಿಯ ಓಣಿಗೆ ಕಾಲಿಟ್ಟರೆ ಮೊದಲು ಕಿವಿ ತುಂಬುತ್ತದೆ. ಮನೆಮನೆಯಲ್ಲೂ ಮಗ್ಗ, ಎಲ್ಲ ಕರೆಂಟಿನವು, ಬೆಳಗಿನಿಂದ ಖಟಪಟ ಖಟಪಟ. ಅಲ್ಲಿಯ ಮಂದಿ ಉಪ್ಪು ಬೇಕೆಂದು ಕೇಳುವುದನ್ನೂ ಗುಡ್ಡದ ಮೇಲಿನಿಂದ ಕರೆದಂತೆ ಕೇಳುತ್ತಾರೆ. ಸಿಟ್ಟಲ್ಲ, ರೂಢಿ. ಹತ್ತು ನಿಮಿಷ ಕೂತರೆ ನಮ್ಮ ದನಿಯೂ ತಾನಾಗೇ ಏರುತ್ತದೆ.

ಹುಡುಗಿ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಸೀರೆ ಅಂಚಿನ ನಕ್ಷೆ ತೆಗೆಯುವವಳು. ವಯಸ್ಸು ಮೂವತ್ತೈದು. ಅವಳೂ ಬಂದ ಗಂಡುಗಳನ್ನು ಬೇಡ ಅಂದವಳೇ. ಅವ್ವ, ಬೀಳಗಿಯ ಮಾಮಾ, ಹುಡುಗಿಯ ತಂದೆತಾಯಿ ಪಡಸಾಲೆಯಲ್ಲಿ ಕೂತರು. ನಾನು ಬರುವ ದಾರಿಯಲ್ಲೇ ತಮ್ಮನ ಕಿಸೆಯಿಂದ ಸ್ಕ್ರೂ ಡ್ರೈವರ್ ತೆಗೆದು ನನ್ನ ಪರ್ಸಿಗೆ ಹಾಕಿಕೊಂಡಿದ್ದೆ.

ಹುಡುಗಿ ಬಂದಳು. ತಾಟು ಇಟ್ಟಳು. ತಲೆ ತಗ್ಗಿಸಲಿಲ್ಲ. ಮಗ್ಗದ ಸದ್ದಿನ ಮೇಲೆ ದನಿ ಏರಿಸಿ ತಮ್ಮನನ್ನು ನೇರವಾಗಿ ಕೇಳಿದಳು, "ನೀವು ಆಟ ಆಡತೀರಂತ ಹೌದೇನ್ರಿ?"

"ಆಡತೇನ್ರಿ."

"ಹಂಗಾರ ಒಳಗ ಬರ್ರಿ. ನಮ್ಮನ್ನ ನೋಡಾಕ ಬಂದವರು ಹಾಡ ಹೇಳ ಅಂತಿದ್ರು, ಸೂಜ್ಯಾಗ ದಾರ ಹಾಕ ಅಂತಿದ್ರು. ನಾ ನಿಮ್ಮ ಬಡಿದಾಟ ನೋಡಬೇಕು."

ಪಡಸಾಲೆಯಲ್ಲಿ ಮಾಮಾ ಮೀಸೆ ಮುಟ್ಟಿಕೊಂಡರು. ಜೊತೆಗೆ ಒಬ್ಬರು ಹೋಗಬೇಕಾದ್ದು ರೀತಿ, ಹಾಗಾಗಿ ನಾನು ಹೋಗಿ ಒಳಕೋಣೆಯ ಹೊಸ್ತಿಲ ಹತ್ತಿರ ಸೀರೆ ನೋಡುವವಳ ಹಾಗೆ ಕೂತೆ.

ಗೋಡೆಯ ಆ ಕಡೆಯೇ ನಾಲ್ಕು ಮಗ್ಗ. ಅವಳ ಲ್ಯಾಪ್‌ಟಾಪಿನಲ್ಲಿ ಕೊನೆಯ ಬಾಗಿಲ ಮುಂದೆ ವೀರ ನಿಂತಿದ್ದ. ಮೊದಲು ಅವಳೇ ಆಡಿ ತೋರಿಸಿದಳು. ಅವಳ ವೀರನಿಗೆ ಢಾಲಿಲ್ಲ, ಮೈಮೇಲೆ ಕವಚವಿಲ್ಲ. ಉರುಳುವುದಿಲ್ಲ, ಓಡುವುದಿಲ್ಲ. ರಾಕ್ಷಸನ ಕತ್ತಿ ಮೈಗೆ ತಾಗುವ ಗಳಿಗೆಯಲ್ಲಿ ತನ್ನ ಕತ್ತಿಯಿಂದ ಟಣ್ ಅಂತ ತಟ್ಟಿ ತಿರುಗಿಸುವುದು, ತಕ್ಷಣ ಹೊಡೆಯುವುದು. ಗಳಿಗೆ ತಪ್ಪಿದರೆ ಸತ್ತಂತೆ.

"ಇಷ್ಟ ಬರೋಬ್ಬರಿ ಗಳಿಗಿ ಹೆಂಗ ಸಿಗತೈತ್ರಿ ನಿಮಗ?" ತಮ್ಮ ಕೂಗಿದ.

"ಮಗ್ಗದ ತಾಳಕ್ಕ ಹೊಡೀತೇನ್ರಿ," ಅವಳೂ ಕೂಗಿದಳು. ಹಾಗೆನ್ನುತ್ತಲೇ ಒಂದು ತಪ್ಪಿ ಸತ್ತಳು. ನಕ್ಕಳು. ಮತ್ತೆ ಒಳಗೆ ಹೋದಳು, ಮತ್ತೆ ಸತ್ತಳು, ಮತ್ತೆ ನಕ್ಕಳು. ಸತ್ತದ್ದಕ್ಕೆ ಇಷ್ಟು ಖುಷಿಯಾಗಿ ನಗುವವರನ್ನು ನಾನು ನೋಡಿರಲಿಲ್ಲ. ತಮ್ಮನೂ ನೋಡಿರಲಿಲ್ಲ. ಅವನು ಪರದೆ ಬಿಟ್ಟು ಅವಳನ್ನು ನೋಡುತ್ತಿದ್ದ.

"ಈಗ ನೀವು."

ತಮ್ಮ ಕೂತ. ವೀರನನ್ನು ಬಾಗಿಲ ಮುಂದೆ ಆ ಕಡೆ ನಡೆಸಿದ, ಈ ಕಡೆ ನಡೆಸಿದ. ಚೀಲ ತೆಗೆದು ನೋಡಿದ. ಕತ್ತಿ ಬದಲಿಸಿದ. ಮತ್ತೆ ಹಳೆಯದನ್ನೇ ಹಿಡಿದ. ಹೊರಗೆ ಅವ್ವ ಇದೇ ಕಡೆಯ ಮನೆಯೆಂದು ಚಹಾ ಕೂಡ ಕುಡಿಯದೆ ಕೂತಿದ್ದಾಳೆ, ಇಲ್ಲಿ ಇವನು ಬಾಗಿಲ ಮುಂದೆ ತಿರುಗಾಡುತ್ತಿದ್ದಾನೆ.

"ಎಷ್ಟ ಆಟದಾಗ ಈ ಬಾಗಲಾ ತೆಗದೀರಿ?" ಅವಳು ಕೇಳಿದಳು.

"ಒಂದರಾಗೂ ಇಲ್ರಿ."

"ಯಾಕ?"

ಅವನು ಕೈ ನಿಲ್ಲಿಸಿದ. "ಒಳಗ ಹೋದ್ರ ಆಟ ಮುಗದ ಹೋಕ್ಕೈತ್ರಿ. ಸೋತರೂ ಮುಗೀತು, ಗೆದ್ದರೂ ಮುಗೀತು."

ಇಷ್ಟು ವರ್ಷ ನನಗೂ ಹೇಳದ ಮಾತು ಅದು. ನನಗೆ ಜಮಖಂಡಿಯ ಆ ಕೋಣೆ, ಅವ್ವ ಹೊಲಿದ ಗವಸು, ಎಡಗಡೆ ಕೂತು ಗುಂಡಿ ಒತ್ತುತ್ತಿದ್ದ ಮಧ್ಯಾಹ್ನಗಳು ಕಣ್ಣ ಮುಂದೆ ಬಂದವು. ನನ್ನ ಮದುವೆಯ ತಾರೀಖು ಗೊತ್ತಾದ ಮೇಲೆಯೇ ಅಲ್ಲವೆ ಅವನು ಹೊಸ ಹೊಸ ವೀರರನ್ನು ಶುರು ಮಾಡುತ್ತ ಹೋದದ್ದು. ಸೀರೆ ನೋಡುವ ನೆವದಲ್ಲಿ ಮುಖ ತಗ್ಗಿಸಿದೆ.

ಹುಡುಗಿ ಲ್ಯಾಪ್‌ಟಾಪನ್ನು ತನ್ನ ಕಡೆ ಸರಿಸಿಕೊಂಡಳು. "ಆಟ ಇರಲಿ ಬಿಡ್ರಿ. ಮದುವಿ ಮಾತಿಗಿ ಬರೂಣು. ನನಗ ನೀವು ಒಪ್ಪಿಗಿ. ನಿಮ್ಮದೇನು?"

ತಮ್ಮ ಒಂದು ಸಲ ನನ್ನ ಕಡೆ ನೋಡಿದ. ಒಂದು ಸಲ ನೆಲ ನೋಡಿದ. ಆಮೇಲೆ ಉಸಿರು ಎಳೆದುಕೊಂಡು, ನಾಲ್ಕು ಮಗ್ಗದ ಸದ್ದನ್ನೂ ದಾಟುವಂತೆ ಬಾಯಿ ತೆಗೆದ. ಅದೇ ಗಳಿಗೆಗೆ ಕರೆಂಟು ಹೋಯಿತು.

ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು. ಬನಹಟ್ಟಿಯಲ್ಲಿ ಅಂಥ ಮೌನವನ್ನು ಕೇಳಿದವರೇ ಬಲ್ಲರು, ಸೂಜಿ ಬಿದ್ದರೂ ನಾಲ್ಕು ಮನೆಗೆ ಗೊತ್ತಾಗುತ್ತದೆ. ಆ ಮೌನದಲ್ಲಿ ನನ್ನ ತಮ್ಮನ ದನಿ ತೇರಿನ ಹಗ್ಗ ಎಳೆಯುವವರ ದನಿಯಂತೆ ಮೊಳಗಿತು:

"ನೀವಂದ್ರ ನನಗ ಭಾಳ ಪಸಂದ ಆಗೀರಿ! ಲಗ್ನಾ ಆದರ ನಿಮ್ಮನ್ನ ಆಗತೇನ್ರಿ! ಆದರ ನಮ್ಮವ್ವಗ ಮಾತ್ರ ಈಗ ಹೇಳಬ್ಯಾಡ್ರಿ, ಇನ್ನೊಂದ ಎಂಟ ದಿನ ತಯಾರಿ ಮಾಡ್ಕೋತೇನಿ!"

ಆಮೇಲೆ ಪಡಸಾಲೆಯಿಂದ ಅವ್ವನ ದನಿ, ಸಾವಕಾಶ: "ಆತಪಾ. ನನಗೇನೂ ಹೇಳಬ್ಯಾಡ್ರಿ."

ಎದುರುಮನೆಯಿಂದ ಒಬ್ಬ ಗಂಡಸು ಕೇಳಿದ, "ಎಂಟ ದಿನಾ ಯಾಕಂತ?"

ಪಕ್ಕದ ಮನೆಯ ಅಜ್ಜಿಗೆ ಅಷ್ಟೆಲ್ಲ ಚೌಕಾಸಿ ಬೇಕಿರಲಿಲ್ಲ. ಮದುವೆ ಗೊತ್ತಾದರೆ ಸಕ್ಕರೆ ಹಂಚುವುದು ರೂಢಿ, ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಮುಗಿಯಿತು. ಅಜ್ಜಿ ಡಬ್ಬಿ ಹಿಡಿದು ಬಂದೇ ಬಿಟ್ಟಳು. ಅವ್ವನ ಬಾಯಿಗೆ ಹಾಕಿದಳು, ಮಾಮಾನ ಬಾಯಿಗೆ ಹಾಕಿದಳು, ಬೀಗರ ಬಾಯಿಗೆ ಹಾಕಿದಳು. ಒಳಕೋಣೆಯ ಹೊಸ್ತಿಲಿಗೆ ಬಂದು ನನ್ನ ಬಾಯಿಗೂ ಒಂದು ಚಿಟಿಕೆ. ತಮ್ಮ ಕೆಂಪಗಾಗಿ, "ಅಜ್ಜೀ,  ಸ್ವಲ್ಪ ತಡೀರಿ, ನಾ ಇನ್ನೂ..." ಅನ್ನುವುದಕ್ಕೂ ತೆರೆದ ಬಾಯಿಗೆ ಒಂದು ಹಿಡಿ ಸಕ್ಕರೆ ಬೀಳುವುದಕ್ಕೂ ಸರಿಹೋಯಿತು.

ಅವನು ಗಲ್ಲ ಉಬ್ಬಿಸಿಕೊಂಡು ನಿಂತ. ಉಗುಳುವಂತಿಲ್ಲ, ಮಾತಾಡುವಂತಿಲ್ಲ. ಕಣ್ಣಿನಲ್ಲೇ ಎಂಟು ದಿನ ಕೇಳುತ್ತಿದ್ದ.

ಹುಡುಗಿ ಡಬ್ಬಿಗೆ ಕೈ ಹಾಕಿ ತಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಮಗ್ಗ ನಿಂತದ್ದು ಮರೆತು, ಎಂದಿನ ರೂಢಿಯಲ್ಲಿ ಓಣಿಗೆಲ್ಲ ಕೇಳುವಂತೆ ಅಂದಳು:

"ಮೊದಲ ನುಂಗ್ರಿ. ಆಮ್ಯಾಲ ತಯಾರಿ ಮಾಡ್ಕೋರಿ."

ನುಂಗಿದ.

ಇಷ್ಟು ಕೇಳಿದಿರಲ್ಲ, ಇನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ನಿಮ್ಮ ಓಣಿಯಲ್ಲಿ ಬಾಗಿಲ ಮುಂದೆ ತಿರುಗಾಡುವವರು ಯಾರಾದರೂ ಇದ್ದೇ ಇರುತ್ತಾರೆ, ಅವರ ಅವ್ವನನ್ನು ಹುಡುಕಿ ಈ ಕಥೆ ಹೇಳಿರಿ.